ಎದೆನೋವು ಬಂದಾಗ ಮೊದಲು ಎಲ್ಲಿಗೆ?

ಮಳೆಗಾಲದ ಒಂದು ಮುಂಜಾವು. ಹಾರಂಗಿ ಜಲಾಶಯದ ಆಸುಪಾಸಿನ ಹಳ್ಳಿಯಲ್ಲಿ ನಿಮ್ಮ ಮನೆ ಇದೆಯೆಂದು ಭಾವಿಸಿ. ಫಜ್ರ್ ನಮಾಝಿಗೆ ವುಝೂ ಮಾಡಲು ಎದ್ದ ಅಬ್ಬ ಎದೆ ಹಿಡಿದು ಕುಳಿತುಬಿಟ್ಟರು. ಎದೆಯ ಮೇಲೆ ಕಲ್ಲು ಹೇರಿದಂತಾಗಿದೆ, ಎಡಗೈ ಸೆಳೆಯುತ್ತಿದೆ, ಮೈಯೆಲ್ಲ ತಣ್ಣನೆಯ ಬೆವರು. ಉಮ್ಮ ಜೀರಿಗೆ ಕಷಾಯ ಕಾಯಿಸಲು ಓಡುತ್ತಾರೆ. ತಮ್ಮ ಗಲ್ಫಿನಲ್ಲಿರುವ ಅಣ್ಣನಿಗೆ ಫೋನ್ ಹಚ್ಚುತ್ತಾನೆ. ಒಬ್ಬರು ‘ಗ್ಯಾಸ್ ಇರಬಹುದು’ ಎಂದರೆ, ಇನ್ನೊಬ್ಬರು ‘ಬೆಳಕು ಹರಿಯಲಿ’ ಎನ್ನುತ್ತಾರೆ. ಮತ್ತೊಬ್ಬರು ‘ಸೀದಾ ಮೈಸೂರಿನ ದೊಡ್ಡಾಸ್ಪತ್ರೆಗೇ ಹೋಗೋಣ’ ಎನ್ನುತ್ತಾರೆ.

ಈ ಮೂರೂ ಮಾತುಗಳಲ್ಲಿ ಪ್ರೀತಿಯಿದೆ. ಆದರೆ ಮೂರೂ ಅಬ್ಬನ ಜೀವಕ್ಕೆ ಅಪಾಯ ತರಬಹುದು. ಮೊದಲ ಎರಡು ಏಕೆ ತಪ್ಪೆಂದು ಹೆಚ್ಚಿನವರಿಗೆ ಗೊತ್ತು. ಮೂರನೆಯದು ಏಕೆ ತಪ್ಪೆಂದು ತಿಳಿದವರು ಕಡಿಮೆ.

ಒಳಗೆ ಏನಾಗುತ್ತದೆ?

ಹಾರಂಗಿಯ ನಾಲೆಯನ್ನು ನೆನೆಯಿರಿ. ನಾಲೆ ಎಲ್ಲೋ ಕಟ್ಟಿಕೊಂಡರೆ ಕೆಳಗಿನ ಗದ್ದೆಗಳು ಒಣಗುತ್ತವೆ. ಹೃದಯದ ಸ್ನಾಯುಗಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿಹೋದಾಗಲೂ ಹೀಗೆಯೇ. ಇದು ಹೃದಯಾಘಾತಗಳಲ್ಲೇ ತೀವ್ರವಾದುದು. ವೈದ್ಯರು ಇದನ್ನು ‘ಸ್ಟೆಮಿ’ ಎನ್ನುತ್ತಾರೆ. ಇಸಿಜಿಯ ಗೆರೆಗಳಲ್ಲಿ ಇದು ಸಾಮಾನ್ಯವಾಗಿ ಎದ್ದು ಕಾಣುತ್ತದೆ. ಗದ್ದೆಗೆ ಒಂದೆರಡು ದಿನ ಕಾಯುವ ಶಕ್ತಿ ಇರಬಹುದು, ಹೃದಯಕ್ಕಿಲ್ಲ. ನಿಮಿಷ ಕಳೆದಂತೆ ಸ್ನಾಯು ಸಾಯುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ.

ದಾರಿ ತೆರೆಯಲು ಎರಡು ವಿಧಾನಗಳಿವೆ. ಒಂದು, ಕ್ಯಾಥ್‌ಲ್ಯಾಬಿನಲ್ಲಿ ಕೈಯ ಅಥವಾ ತೊಡೆಯ ರಕ್ತನಾಳದ ಮೂಲಕ ತೆಳ್ಳನೆಯ ತಂತಿ ಕಳುಹಿಸಿ, ಬಲೂನಿನಿಂದ ತಡೆ ಬಿಡಿಸಿ ಸ್ಟೆಂಟ್ ಇಡುವುದು. ಎರಡನೆಯದು, ಹೆಪ್ಪನ್ನು ಕರಗಿಸುವ ಇಂಜೆಕ್ಷನ್. ಬಲೂನು ಚಿಕಿತ್ಸೆ ಹೆಚ್ಚು ಉತ್ತಮ, ಆದರೆ ಅದು ಸಕಾಲಕ್ಕೆ ಸಿಗಬೇಕು. ಇಸಿಜಿಯಲ್ಲಿ ರೋಗ ಪತ್ತೆಯಾದ 120 ನಿಮಿಷಗಳೊಳಗೆ ಬಲೂನು ಚಿಕಿತ್ಸೆ ಆಗುವಂತಿಲ್ಲವಾದರೆ ಇದ್ದಲ್ಲೇ ಇಂಜೆಕ್ಷನ್ ಕೊಟ್ಟು ಬಳಿಕ ಕಳುಹಿಸಬೇಕು ಎಂಬುದು ಹೃದ್ರೋಗ ತಜ್ಞರು ಜಗತ್ತಿನಾದ್ಯಂತ ಒಪ್ಪಿರುವ ನಿಯಮ.

ನಮ್ಮ ದಾರಿಯ ಲೆಕ್ಕ

ಈ ಭಾಗದ ಬಡ ಮತ್ತು ಮಧ್ಯಮ ವರ್ಗದವರ ದೊಡ್ಡ ಆಸರೆ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆ. ಹೃದಯಕ್ಕೆಂದೇ ಇರುವ ಸರ್ಕಾರಿ ಸಂಸ್ಥೆಯಿದು, ಬೆಂಗಳೂರಿನ ಜಯದೇವ ಸಂಸ್ಥೆಯ ಶಾಖೆ. ಆದರೆ ಹಾರಂಗಿಯಿಂದ ಅಲ್ಲಿಗೆ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಹಾದು 90 ಕಿ.ಮೀ. ಆಸುಪಾಸು ದೂರ. ಗಾಡಿ ಹೊಂದಿಸಿ ಹೊರಟು, ತಲುಪಿ, ದಾಖಲಾಗಿ, ಕ್ಯಾಥ್‌ಲ್ಯಾಬಿನ ಮೇಜು ಹತ್ತುವಷ್ಟರಲ್ಲಿ 2 ಗಂಟೆ ಸುಲಭವಾಗಿ ದಾಟುತ್ತದೆ. ಮಳೆ, ಮಂಜು, ಬಿದ್ದ ಮರ ಇದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ಮೊದಲ ನಿಲ್ದಾಣ ಹತ್ತಿರದ ಆಸ್ಪತ್ರೆ. ಅಲ್ಲಿ ಇಸಿಜಿ, ಅಗತ್ಯವಿದ್ದರೆ ಇಂಜೆಕ್ಷನ್. ನಂತರ ಹೃದ್ರೋಗ ಆಸ್ಪತ್ರೆ.

ಕರ್ನಾಟಕ ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ನಡೆಯುತ್ತಿರುವುದೂ ಇದೇ ಲೆಕ್ಕದ ಮೇಲೆ. ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೂಡಲೇ ದೂರದಲ್ಲಿರುವ ತಜ್ಞರಿಗೆ ತಲುಪುತ್ತದೆ. ಸ್ಟೆಮಿ ಎಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಖಾಸಗಿಯಲ್ಲಿ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಆಯ್ದ ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಶುರುವಾದ ಈ ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸಲು ಸರ್ಕಾರ 2025ರಲ್ಲಿ ನಿರ್ಧರಿಸಿತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆಪ್‌ನಲ್ಲೇ ವರದಿ ನೋಡಿ ಸಲಹೆ ನೀಡುವ ವ್ಯವಸ್ಥೆ ಕಟ್ಟಿದ್ದೂ ಇದೇ ಕಾರಣಕ್ಕೆ.

ಇಂಜೆಕ್ಷನ್ ಆಯಿತು, ನೋವು ಇಳಿಯಿತು ಎಂದು ಮನೆಗೆ ಮರಳಬೇಡಿ. ಕೆಲವರಲ್ಲಿ ಹೆಪ್ಪು ಪೂರ್ತಿ ಕರಗುವುದಿಲ್ಲ. ಕರಗಿದರೂ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ದೊಡ್ಡಾಸ್ಪತ್ರೆಯ ಅಗತ್ಯ ಇರುವುದು ಇಲ್ಲಿ.

ನಮ್ಮ ಮನೆಗಳ ತಡೆಗಳು

ಮೊದಲನೆಯದು, ಅನುಮತಿಗಾಗಿ ಕಾಯುವುದು. ದುಬೈಯಲ್ಲಿರುವ ಮಗನಿಗೆ ವಿಷಯ ತಿಳಿಸಿ, ಆದರೆ ಗಾಡಿ ಹತ್ತಿದ ಮೇಲೆ. ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರೆಂದು ಮನೆಯವರೆಲ್ಲ ಮೊದಲೇ ಒಪ್ಪಿಕೊಂಡಿರಲಿ.

ಎರಡನೆಯದು, ಹೆಂಗಸರ ನೋವು. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆಯೂ ಹೃದಯಾಘಾತ ಆಗಬಹುದು. ಉಸಿರು ಕಟ್ಟುವುದು, ವಾಂತಿ, ಬೆನ್ನು ಅಥವಾ ದವಡೆ ನೋವು, ಕಾರಣವಿಲ್ಲದ ವಿಪರೀತ ಸುಸ್ತು ಇವೆಲ್ಲ ಲಕ್ಷಣಗಳೇ. ಉಮ್ಮ ‘ಏನಿಲ್ಲ, ಗ್ಯಾಸು’ ಎಂದು ಮಲಗಿದರೆ ನಂಬಿ ಬಿಡಬೇಡಿ. ಇಸಿಜಿ ತೆಗೆಯಲು ಸಂಕೋಚವಾದರೆ ಪರದೆ ಹಾಕುವಂತೆ, ನರ್ಸ್ ಅಮ್ಮನವರೇ ತೆಗೆಯುವಂತೆ ಕೇಳಿ. ಅವರು ಇಲ್ಲವೆಂದಾದರೆ ಅದಕ್ಕಾಗಿ ಕಾಯಬೇಡಿ.

ಮೂರನೆಯದು, ರಮಝಾನ್. ಉಪವಾಸ ಮುರಿಯುತ್ತದೆಂದು ಇಫ್ತಾರ್‌ವರೆಗೆ ನೋವು ತಡೆದುಕೊಳ್ಳುವವರಿದ್ದಾರೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ, ಗುಣವಾದ ಮೇಲೆ ತೀರಿಸಬಹುದು. ಜೀವವನ್ನು ತೀರಿಸಿಕೊಡಲಾಗದು.

ಆ ಹೊತ್ತಿನಲ್ಲಿ ಹೀಗೆ ಮಾಡಿ

- 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ರೋಗಿ ನಡೆಯಬಾರದು, ಬೈಕ್ ಹತ್ತಬಾರದು, ತಾನೇ ಗಾಡಿ ಓಡಿಸಬಾರದು.
- ಆಸ್ಪಿರಿನ್ ಅಲರ್ಜಿ, ರಕ್ತಸ್ರಾವ ಅಥವಾ ಹೊಟ್ಟೆ ಹುಣ್ಣು ಇಲ್ಲದಿದ್ದರೆ, 108ರವರ ಅಥವಾ ವೈದ್ಯರ ಸಲಹೆ ಪಡೆದು 300 ಮಿ.ಗ್ರಾಂ. ಆಸ್ಪಿರಿನ್ ಜಗಿಯಲು ಕೊಡಿ. ನಾಲಿಗೆಯಡಿ ಇಡುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ರಕ್ತದೊತ್ತಡ ಕುಸಿಯಬಹುದು.
- ನೋವು ಶುರುವಾದ ಸಮಯವನ್ನು ಬರೆದಿಡಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.
- ಹಿಂದೆ ಆದ ಪಾರ್ಶ್ವವಾಯು, ಮೆದುಳಿನ ರಕ್ತಸ್ರಾವ, ಇತ್ತೀಚಿನ ಶಸ್ತ್ರಚಿಕಿತ್ಸೆಗಳನ್ನು ಮುಚ್ಚಿಡಬೇಡಿ. ಅಂಥವರಿಗೆ ಈ ಇಂಜೆಕ್ಷನ್ ಅಪಾಯ ತರಬಹುದು.
- ಆಧಾರ್, ರೇಷನ್ ಕಾರ್ಡ್, ಹಳೆಯ ವರದಿಗಳು ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ನೆರವಿದೆ.

ಈ ವಾರವೇ ಒಂದು ಕೆಲಸ ಮಾಡಿ. ಕುಶಾಲನಗರಕ್ಕೆ ಸಂತೆಗೋ ಮದುವೆಗೋ ಹೋದಾಗ ಅಲ್ಲಿನ ಆಸ್ಪತ್ರೆಗೆ ಹೊಕ್ಕು ಮೂರು ಪ್ರಶ್ನೆ ಕೇಳಿ: ರಾತ್ರಿಯೂ ಇಸಿಜಿ ತೆಗೆಯುತ್ತಾರೆಯೇ? ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯೇ? ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿದೆ? ಉತ್ತರವನ್ನು ಫೋನ್ ನಂಬರಿನೊಂದಿಗೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಮೊಹಲ್ಲಾದವರಿಗೂ ತಿಳಿಯುವಂತೆ ಮಸೀದಿಯ ಫಲಕದಲ್ಲೂ ಹಾಕಿಸಿ. ಅಂದು ಮುಂಜಾನೆ ಅಬ್ಬ ಎದೆ ಹಿಡಿದು ಕುಳಿತಾಗ ಎಲ್ಲಿಗೆ ಹೋಗುವುದೆಂದು ಯಾರೂ ಚರ್ಚಿಸುತ್ತಾ ನಿಲ್ಲಬೇಕಾಗಿ ಬರಬಾರದು.