‘ನಮ್ಮ ಮನೆತನದಲ್ಲಿ ಯಾರಿಗೂ ಗ್ಲಾಕೋಮಾ ಇಲ್ಲ’

ಕಣ್ಣಿನ ಆಸ್ಪತ್ರೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಇದು. ಹೇಳುವವರು ಸುಳ್ಳಾಡುತ್ತಿಲ್ಲ. ಅಜ್ಜಿ ಕೊನೆಗಾಲದಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದರು, ಬಾಗಿಲ ಪಕ್ಕ ನಿಂತವರು ಅವರಿಗೆ ಕಾಣುತ್ತಿರಲಿಲ್ಲ. ವಯಸ್ಸಾಯಿತು, ಪೊರೆ ಬಂದಿರಬೇಕು ಎಂದುಕೊಂಡು ಮನೆಯವರು ಸುಮ್ಮನಾದರು. ಗ್ಲಾಕೋಮಾ ಎಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಹೋಗುವ ಕಾಯಿಲೆ. ಅದರ ಒಂದು ಬಗೆಯಾದ ಓಪನ್ ಆಂಗಲ್ ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ದೃಷ್ಟಿ ಹೆಚ್ಚಾಗಿ ಅಂಚಿನ ಕಡೆಯಿಂದ ಚೂರುಚೂರಾಗಿ ಹೋಗುತ್ತದೆ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ತುಂಬಿಕೊಡುತ್ತದೆ, ಉಳಿದದ್ದನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ನಮ್ಮ ದೇಶದ ಸಮೀಕ್ಷೆಗಳಲ್ಲಿ ಈ ಕಾಯಿಲೆ ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಮಂದಿಗೆ ತಮಗೆ ಅದಿದೆ ಎಂಬುದೇ ಗೊತ್ತಿರಲಿಲ್ಲ. ಹೀಗಿರುವಾಗ ‘ಮನೆತನದಲ್ಲಿ ಇಲ್ಲ’ ಎಂಬ ಮಾತಿಗೆ ‘ಯಾರೂ ಪರೀಕ್ಷೆ ಮಾಡಿಸಿಲ್ಲ’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ಸಂಶೋಧಕರು ಇದಕ್ಕೇ ಬಾಯಿಮಾತನ್ನು ನಂಬಲಿಲ್ಲ. ರೋಗಿಗಳ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆಸಿ ತಾವೇ ಕಣ್ಣು ನೋಡಿದರು. 1998ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಅಂಥ ಹತ್ತಿರದ ಸಂಬಂಧಿಗಳಲ್ಲಿ ಜೀವಮಾನದಲ್ಲಿ ಗ್ಲಾಕೋಮಾ ಬರುವ ಸಾಧ್ಯತೆ ಶೇ. 22, ಗ್ಲಾಕೋಮಾ ಇಲ್ಲದವರ ಸಂಬಂಧಿಗಳಲ್ಲಿ ಶೇ. 2.3.

ಇದನ್ನು ಓದಿದವರು ಕೂಡಲೇ ಇನ್ನೊಂದು ತುದಿಗೆ ಹೋಗುತ್ತಾರೆ: ‘ಹಾಗಾದರೆ ಗ್ಲಾಕೋಮಾದ ಜೀನ್ ಅಂತ ಒಂದಿದೆ, ಅದನ್ನು ಟೆಸ್ಟ್ ಮಾಡಿಸಿದರೆ ಮುಗಿಯಿತು.’ ಅಂಥ ಜೀನ್ ಒಂದು ಸಿಕ್ಕಿದ್ದು ನಿಜ. ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ಕುಟುಂಬಗಳನ್ನು ಹಿಡಿದು ಹೊರಟ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ 1993ರಲ್ಲಿ 1ನೇ ಕ್ರೋಮೋಸೋಮಿನ ಒಂದು ಭಾಗಕ್ಕೆ ತಲುಪಿತು. 1997ರಲ್ಲಿ ಜೀನೇ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿಗೆ ಮಯೋಸಿಲಿನ್ ಎಂದು ಹೆಸರು.

ಕಣ್ಣಿನೊಳಗೆ ಸದಾ ತಿಳಿನೀರು ಊರುತ್ತಿರುತ್ತದೆ, ಕಪ್ಪುಗುಡ್ಡೆಯ ಅಂಚಿನಲ್ಲಿರುವ ಸಣ್ಣ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಆ ಜಾಲರಿಯ ಜೀವಕೋಶಗಳು ಮಯೋಸಿಲಿನ್ ತಯಾರಿಸಿ ಹೊರಗೆ ಬಿಡುತ್ತವೆ. ಜೀನಿನಲ್ಲಿ ದೋಷವಿದ್ದರೆ ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಹೊರಬರಲಾರದೆ ಕೋಶದೊಳಗೇ ತುಂಬಿಕೊಂಡು ಕೋಶವನ್ನೇ ಕೊಲ್ಲುತ್ತದೆ. ಆಗ ನೀರು ಸರಿಯಾಗಿ ಹೊರಹೋಗದೆ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟು ಬೀಳುತ್ತದೆ. ಅಚ್ಚರಿಯೆಂದರೆ, ಈ ಜೀನನ್ನು ಪೂರ್ತಿ ತೆಗೆದುಹಾಕಿದ ಇಲಿಗಳಿಗೆ ಗ್ಲಾಕೋಮಾ ಬರಲಿಲ್ಲ. ಮಯೋಸಿಲಿನ್ ಇಲ್ಲದಿದ್ದರೆ ತೊಂದರೆಯಿಲ್ಲ, ಕೆಟ್ಟ ಮಯೋಸಿಲಿನ್ ಇದ್ದರೆ ತೊಂದರೆ. 2017ರಲ್ಲಿ ಇಲಿಗಳಲ್ಲಿ ಜೀನನ್ನು ಕತ್ತರಿಸುವ ಕ್ರಿಸ್ಪರ್ ತಂತ್ರ ಬಳಸಿ ಆ ದೋಷದ ಜೀನನ್ನು ಕೆಡಿಸಿದಾಗ ಕಣ್ಣಿನ ಒತ್ತಡ ಇಳಿಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಭರವಸೆಯ ಸುದ್ದಿ ಇದು.

ಆದರೆ ದೊಡ್ಡವರಲ್ಲಿ ಕಾಣುವ ಓಪನ್ ಆಂಗಲ್ ಗ್ಲಾಕೋಮಾದಲ್ಲಿ ಮಯೋಸಿಲಿನ್ ದೋಷದ ಪಾಲು ಶೇ. 3–4 ಮಾತ್ರ. ಉಳಿದವರಲ್ಲಿ ಬಹುಪಾಲಿಗೆ ಒಂದೇ ಜೀನನ್ನು ಹೊಣೆಯಾಗಿಸಲು ಆಗುವುದಿಲ್ಲ. 2021ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ 34,000ಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ನೋಡಿದಾಗ ಕಾಯಿಲೆಯೊಂದಿಗೆ ನಂಟಿರುವ 127 ಜಾಗಗಳು ಸಿಕ್ಕವು. ಪ್ರತಿಯೊಂದೂ ಅಪಾಯವನ್ನು ಒಂದಿಷ್ಟೇ ಹೆಚ್ಚಿಸುತ್ತದೆ, ವಯಸ್ಸು ಅದಕ್ಕೆ ಸೇರಿಕೊಳ್ಳುತ್ತದೆ. ಒಂದೇ ಮನೆಯ ಹಲವರಿಗೆ ಎಳೆಯ ವಯಸ್ಸಿನಲ್ಲೇ ಬಂದಿದ್ದರೆ ಮಯೋಸಿಲಿನ್ ಪರೀಕ್ಷೆಗೆ ಬೆಲೆಯಿದೆ. ಉಳಿದವರು ಆ ದುಡ್ಡಿನಲ್ಲಿ ಕಣ್ಣಿನ ಪರೀಕ್ಷೆಯನ್ನೇ ಮಾಡಿಸಿಕೊಳ್ಳುವುದು ಮೇಲು.

‘ಸೋದರಮಾವನನ್ನು ಮದುವೆಯಾಗಿದ್ದಕ್ಕೆ ಹೀಗಾಯಿತು’ ಎಂದು ಹೆಂಗಸರನ್ನು ನೋಯಿಸುವ ಮಾತು ನಮ್ಮ ಕಡೆ ಇದೆ. ಹುಟ್ಟುತ್ತಲೇ ಬರುವ ಗ್ಲಾಕೋಮಾಕ್ಕೆ ಇದು ಸ್ವಲ್ಪ ಅನ್ವಯಿಸುತ್ತದೆ: ಅಲ್ಲಿ ಬೇರೆಯೇ ಒಂದು ಜೀನಿನ ದೋಷ ತಂದೆತಾಯಿ ಇಬ್ಬರಿಂದಲೂ ಬರಬೇಕಾಗಬಹುದು, ರಕ್ತಸಂಬಂಧದಲ್ಲಿ ಅದರ ಸಾಧ್ಯತೆ ಹೆಚ್ಚು. ಮಯೋಸಿಲಿನ್ ದೋಷ ಒಬ್ಬರಿಂದ ಬಂದರೂ ಸಾಕು. ಐವತ್ತು ದಾಟಿದವರ ಗ್ಲಾಕೋಮಾಕ್ಕೆ ಅವರ ಅಪ್ಪ ಅಮ್ಮನ ಮದುವೆಯನ್ನು ದೂರುವುದು ಅನ್ಯಾಯ.

ಇನ್ನು ಪ್ರೆಷರಿನ ಮಾತು. ‘ಕಣ್ಣಿನ ಪ್ರೆಷರ್ ನಾರ್ಮಲ್ ಅಂದರು, ಗ್ಲಾಕೋಮಾ ಇಲ್ಲ.’ ರಕ್ತದೊತ್ತಡ ಬೇರೆ, ಕಣ್ಣಿನೊತ್ತಡ ಬೇರೆ ಎಂಬುದು ಹಾಗಿರಲಿ. ಕಣ್ಣಿನೊತ್ತಡ 21 (ಮಿ.ಮೀ. ಪಾದರಸ) ದಾಟದಿದ್ದರೆ ನಾರ್ಮಲ್ ಎಂಬ ಗೆರೆ ಬಂದದ್ದೇ ಆರೋಗ್ಯವಂತರ ಸರಾಸರಿಯ ಲೆಕ್ಕಾಚಾರದಿಂದ. ಜಪಾನಿನ ತಾಜಿಮಿ ಊರಿನ ಸಮೀಕ್ಷೆಯಲ್ಲಿ ಓಪನ್ ಆಂಗಲ್ ಗ್ಲಾಕೋಮಾ ಇದ್ದವರ ಪೈಕಿ ಶೇ. 92 ಮಂದಿಯ ಒತ್ತಡ 21ನ್ನು ದಾಟಿರಲಿಲ್ಲ. ಅಂಥವರಲ್ಲೂ ಒತ್ತಡವನ್ನು ಇನ್ನೂ ಸುಮಾರು ಶೇ. 30 ಇಳಿಸಿದರೆ ಹಲವರಲ್ಲಿ ನರದ ಹಾನಿ ನಿಧಾನವಾಗುತ್ತದೆ ಎಂದು 1998ರ ಅಧ್ಯಯನವೊಂದು ತೋರಿಸಿತು. ನರವೇ ಸೂಕ್ಷ್ಮವಾಗಿರುವ ಕಣ್ಣಿಗೆ ನಮ್ಮ ‘ನಾರ್ಮಲ್’ ಕೂಡ ಭಾರವಾಗಬಹುದು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಸ್ಟೀರಾಯ್ಡ್ ಡ್ರಾಪ್ಸ್. ಕಣ್ಣಿನ ತುರಿಕೆ ಕೂಡಲೇ ನಿಲ್ಲುವುದರಿಂದ ಜನ ಅದನ್ನೇ ಮತ್ತೆ ಮತ್ತೆ ಕೊಳ್ಳುತ್ತಾರೆ. ಕೆಲವರ ಕಣ್ಣಿನೊತ್ತಡ ಇದರಿಂದ ವಿಪರೀತ ಏರುತ್ತದೆ. ಗ್ಲಾಕೋಮಾ ಇರುವವರಲ್ಲೂ ಅವರ ಮಕ್ಕಳು, ಒಡಹುಟ್ಟಿದವರಲ್ಲೂ ಹೀಗೆ ಏರುವ ಸಾಧ್ಯತೆ ಹೆಚ್ಚು.

ಗ್ಲಾಕೋಮಾ ಇದೆಯೆಂದು ತಿಳಿದ ದಿನ ಅಕ್ಕ, ತಮ್ಮ, ಮಕ್ಕಳಿಗೂ ಫೋನು ಮಾಡಿ ಹೇಳಿ. ನಲವತ್ತು ದಾಟಿದವರು ಕಾಯುವುದು ಬೇಡ. ಕನ್ನಡಕದಂಗಡಿಯಲ್ಲಿ ನಂಬರ್ ನೋಡಿಸಿಕೊಂಡರೆ ಸಾಲದು. ಕಣ್ಣಿನ ವೈದ್ಯರಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಪಾಪೆ ಹಿಗ್ಗಿಸಿ ನರ ನೋಡಿಸಿಕೊಳ್ಳಬೇಕು. ಸಂಶಯವಿದ್ದರೆ ಫೀಲ್ಡ್ ಟೆಸ್ಟ್ ಇರುತ್ತದೆ: ಒಂದು ಕಣ್ಣು ಮುಚ್ಚಿ, ಯಂತ್ರದ ಬಟ್ಟಲಿನ ನಡುವಿನ ದೀಪವನ್ನೇ ನೋಡುತ್ತಾ, ಅಕ್ಕಪಕ್ಕ ಚುಕ್ಕಿ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತುವುದು. ಬೇಸರ ತರಿಸುವ ಪರೀಕ್ಷೆ, ಸರಿಯಾಗಿ ಮಾಡಿದೆನೋ ಇಲ್ಲವೋ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಕೆಲವು ಚುಕ್ಕಿಗಳು ಕಾಣದಂತೆಯೇ ಅದನ್ನು ರೂಪಿಸಿದ್ದಾರೆ, ಹೆದರುವುದು ಬೇಡ. ‘ನನ್ನ ಅಕ್ಕನಿಗೆ ಗ್ಲಾಕೋಮಾ ಇದೆ’ ಎಂದು ವೈದ್ಯರಿಗೆ ಮೊದಲೇ ಹೇಳಿ, ಅವರು ನೋಡುವ ಬಗೆಯೇ ಬೇರೆಯಾಗುತ್ತದೆ.