ಬಂಬಕ್ಕ ಬೆಂಕಿ ಹಾಕೋ ಮೊದಲು

ಪುಣೆ ಮಾರ್ಕೆಟ್ ಯಾರ್ಡ್ ಕಡೆ ಇರೋ ನಮ್ಮ ಕನ್ನಡ ಮಂದಿ ಕೇಳ್ರಿ. ಚಳಿಗಾಲ ಬಂತಂದ್ರ ಸ್ನಾನಕ್ಕ ತಾಮ್ರದ ಬಂಬ ಹಚ್ಚತೀರಿ. ಮೊದಲು ನೀರು ತುಂಬರಿ. ಖಾಲಿ ಬಂಬಕ್ಕ ಉರಿ ತಗಲಿದರ ಬೆಸುಗೆ ಬಿಡತದ. ನಡುವಿನ ಕೊಳವೆಯೊಳಗ ಮಸಿ ಕಟ್ಟಿದರ ಹೊಗಿ ಹಿಂದಕ್ಕ ಬರತದ, ಆಗಾಗ ಕೆರೆದು ತೆಗೀರಿ.

ಇನ್ನ ಮೈ ಕಾಯಿಸಲಿಕ್ಕ ಶೆಗಡಿಯೊಳಗ ಹಾಕೋ ಇದ್ದಿಲಿಗೆ ಹೊಗಿ ಕಾಣಂಗಿಲ್ಲ, ಅದಕ್ಕೇ ಮಂದಿ ನಂಬತಾರ. ಆದರ ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣಿಲ್ಲ, ವಾಸನಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟತದ. ಬಾಗಿಲು ಮುಚ್ಚಿದ ಖೋಲಿಯೊಳಗ ಶೆಗಡಿ ಇಟ್ಟು ಮಲಗಲೇಬ್ಯಾಡ್ರಿ, ಕೂಸಿದ್ದ ಮನಿಯೊಳಗಂತೂ ದಯವಿಟ್ಟು ಬ್ಯಾಡ. ತಲಿನೋವು, ವಾಂತಿ, ತಲಿ ತಿರುಗೋದು ಸುರುವಾದರ ಎಲ್ಲಾರೂ ಹೊರಗ ಬರ್ರಿ, 108ಕ್ಕ ಫೋನ್ ಮಾಡ್ರಿ.

ಬೂದಿ? ಮರುದಿನದ ತನಕ ಅದರೊಳಗ ಕೆಂಡ ಇರಬಹುದು. ತಗಡಿನ ಡಬ್ಬಿಗೇ ಹಾಕ್ರಿ, ಗೋಣಿಚೀಲದ ಹತ್ತಿರ ಇಡಬ್ಯಾಡ್ರಿ.