ಉಸಿರಿಗೂ ಬೇಕು ಕಸರತ್ತು

ಉಸಿರಾಟವೂ ಸ್ನಾಯುಗಳ ದುಡಿಮೆಯೇ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಬಿಗಿದು ಕೆಳಗಿಳಿದಾಗ ಶ್ವಾಸಕೋಶಕ್ಕೆ ಗಾಳಿ ನುಗ್ಗುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಹಿಗ್ಗಿಸುತ್ತವೆ. ಕೆಮ್ಮುವಾಗ, ಊದುವಾಗ ಹೊಟ್ಟೆಯ ಸ್ನಾಯುಗಳು ಗಾಳಿಯನ್ನು ಹೊರಗೆ ದಬ್ಬುತ್ತವೆ. ತೋಳಿನ ಸ್ನಾಯುಗಳಂತೆ ಇವನ್ನೂ ಪಳಗಿಸಿ ಬಲಪಡಿಸಬಹುದು.

ಬೌದ್ಧಿಕ ಅಂಗವೈಕಲ್ಯವಿರುವ ಅನೇಕ ಮಕ್ಕಳಿಗೆ ಈ ಪಳಗಿಸುವಿಕೆ ಬೇಕಾಗುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳು ಹುಟ್ಟಿನಿಂದಲೇ ಸಡಿಲ. ಸೆರೆಬ್ರಲ್ ಪಾಲ್ಸಿಯೂ ಜೊತೆಗಿದ್ದರೆ ಬೆನ್ನು ಬಾಗಿ ಎದೆಗೂಡು ಸರಿಯಾಗಿ ಹಿಗ್ಗದಿರಬಹುದು. ಕೆಮ್ಮಿಗೆ ಬಲವಿಲ್ಲದಾಗ ಕಫ ಒಳಗೇ ಉಳಿದು ಎದೆಯ ಸೋಂಕು ಮರುಕಳಿಸುತ್ತದೆ. ಬಿದ್ದಾರೆಂಬ ಭಯಕ್ಕೆ ನಾವು ಈ ಮಕ್ಕಳನ್ನು ಓಡಾಡಲು, ಆಡಲು ಬಿಡುವುದೂ ಕಡಿಮೆ. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುವ ಮಗುವನ್ನು ಸೋಮಾರಿ ಎಂದುಬಿಡುತ್ತೇವೆ. ಅದು ಅನ್ಯಾಯ.

ಉಸಿರಾಟದ ಸ್ನಾಯುಗಳ ತರಬೇತಿಗೆ ಫಿಸಿಯೋಥೆರಪಿಸ್ಟ್‌ಗಳು ಬಳಸುವುದು ಅಂಗೈಯಲ್ಲಿ ಹಿಡಿಯುವಂಥ ಒಂದು ಕೊಳವೆ. ಅದರೊಳಗೆ ಸ್ಪ್ರಿಂಗ್ ಇರುವ ಕವಾಟವಿರುತ್ತದೆ. ಮಗು ನಿಗದಿತ ಬಲದಿಂದ ಉಸಿರೆಳೆದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಮೊದಲು ಮಗುವಿನ ಗರಿಷ್ಠ ಬಲವನ್ನು ಅಳೆಯುತ್ತಾರೆ. ಸಾಮಾನ್ಯವಾಗಿ ಅದರ ಶೇ 30ರಷ್ಟು ಒತ್ತಡದಿಂದ ಆರಂಭಿಸಿ, ಹಲವು ವಾರಗಳಲ್ಲಿ ಮೆಲ್ಲಗೆ ಏರಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಗಳಲ್ಲಿ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಬೇರೆ ಸಾಧನ. ಅದರ ಮುಖ್ಯ ಉದ್ದೇಶ ಆಳವಾದ ಉಸಿರಾಟದ ರೂಢಿ. ಸ್ನಾಯುವಿಗೆ ಅಳೆದು ಹೊರೆ ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಆದರೂ ಚೆಂಡು ಮೇಲೇಳುವುದು ಕಣ್ಣಿಗೆ ಕಾಣುವುದರಿಂದ ಮಕ್ಕಳಿಗೆ ಅದು ಇಷ್ಟವಾಗುತ್ತದೆ.

ಉಪಕರಣ ಕೊಳ್ಳುವುದಕ್ಕಿಂತ ಕಲಿಸುವುದೇ ಕಷ್ಟದ ಕೆಲಸ. ‘ಆಳವಾಗಿ ಉಸಿರೆಳೆದುಕೋ’ ಎಂದರೆ ಅನೇಕ ಮಕ್ಕಳಿಗೆ ಅರ್ಥವಾಗುವುದಿಲ್ಲ. ತುಟಿ ಬಿಗಿದು ಕೊಳವೆ ಹಿಡಿಯುವುದೂ ಕೆಲವರಿಗೆ ಸುಲಭವಲ್ಲ. ಆದ್ದರಿಂದ ನುರಿತ ಥೆರಪಿಸ್ಟ್ ತಾನು ಮಾಡಿ ತೋರಿಸುತ್ತಾರೆ, ಚಿತ್ರ ಬಳಸುತ್ತಾರೆ, ಒಂದು ಸಲಕ್ಕೆ ಒಂದೇ ಹೆಜ್ಜೆ ಕಲಿಸುತ್ತಾರೆ. ಕಲಿಕೆ ಆಟದಿಂದಲೇ ಶುರು: ಸೋಪಿನ ಗುಳ್ಳೆ ಬಿಡುವುದು, ಪೀಪಿ ಊದುವುದು, ಮೇಜಿನ ಮೇಲೆ ಕಾಗದದ ಉಂಡೆಯನ್ನು ಸ್ಟ್ರಾದಿಂದ ಊದಿ ಗೋಲು ಹೊಡೆಯುವುದು. ಮಗುವನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಹಗುರವಾದ ಗೊಂಬೆಯಿಟ್ಟರೆ, ಅದು ಏರಿಳಿಯುವುದನ್ನು ನೋಡುತ್ತಲೇ ವಪೆಯಿಂದ ಉಸಿರಾಡುವ ಕ್ರಮ ರೂಢಿಯಾಗುತ್ತದೆ. ದಿನವೂ ಅದೇ ಹೊತ್ತು, ಅದೇ ಜಾಗ ಇದ್ದರೆ ರೂಢಿ ಬೇಗ ಕುದುರುತ್ತದೆ.

ಎಚ್ಚರವೂ ಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ವೈದ್ಯರನ್ನು ಕೇಳದೆ ಆರಂಭಿಸಬಾರದು. ಜ್ವರ, ಎದೆಯ ಸೋಂಕು ಇದ್ದಾಗ ಬೇಡ. ತಲೆ ಸುತ್ತಿದರೆ, ತುಟಿ ನೀಲಿಗಟ್ಟಿದರೆ ತಕ್ಷಣ ನಿಲ್ಲಿಸಬೇಕು. ಬಾಯಿಗಿಡುವ ತುಂಡು ಪ್ರತಿ ಮಗುವಿಗೂ ಬೇರೆಯಾಗಿರಬೇಕು. ಬಲೂನು ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ಊದಲೆಂದು ಅದನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು.

ಈ ತರಬೇತಿ ಬುದ್ಧಿಮಟ್ಟವನ್ನು ಬದಲಿಸುವುದಿಲ್ಲ. ಬದಲಿಸುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಉಸಿರಾಟದ ಸ್ನಾಯುಗಳಿಗೆ ಬಲ ತುಂಬುವುದಷ್ಟೇ ಇದರ ಗುರಿ. ಅಭ್ಯಾಸ ನಿಲ್ಲಿಸಿದರೆ ಗಳಿಸಿದ ಬಲ ಮೆಲ್ಲಗೆ ಇಳಿಯುತ್ತದೆ.

ಖರ್ಚಿಗೆ ನೆರವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಬೌದ್ಧಿಕ ಅಂಗವೈಕಲ್ಯವೂ ಒಂದು. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಯೋಜನೆ ಈ ಮಕ್ಕಳಿಗೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಒದಗಿಸುತ್ತದೆ. ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಮಗುವಿನ ಮಾತು, ನಡಿಗೆಯ ಬಗ್ಗೆ ಕೇಳುವ ಪೋಷಕರು ಮುಂದಿನ ಭೇಟಿಯಲ್ಲಿ ಉಸಿರಾಟದ ಬಲವನ್ನೂ ಪರೀಕ್ಷಿಸುವಂತೆ ಫಿಸಿಯೋಥೆರಪಿಸ್ಟ್‌ಗೆ ಹೇಳಲಿ. ವಿಶೇಷ ಶಾಲೆಗಳು ದಿನದ ವೇಳಾಪಟ್ಟಿಯಲ್ಲಿ ಈ ಆಟಗಳಿಗೆ ಕಾಲು ಗಂಟೆಯಾದರೂ ಮೀಸಲಿಡಲಿ.